ರಸೆಲ್ ಪೋರ್ಟರ್ ಮತ್ತು ನಕ್ಷತ್ರ ನೋಡುವ ಗುಡ್ಡ

ಸುವರ್ಣ ಮಹೋತ್ಸವದ ಸಂಚಿಕೆಗೆ ಒಂದು ಲೇಖನ ಕೊಡಿ, ವಿಜ್ಞಾನದ ವಿಷಯವಾದರೆ ಒಳ್ಳೆಯದು ಎಂದು ಸಮಿತಿಯವರು ಕೇಳಿದಾಗ, ನಾನು ಕಂಪ್ಯೂಟರ್ ಬಗ್ಗೆಯೇ ಬರೆಯುತ್ತೇನೆಂದು ಎಣಿಸಿದ್ದರೋ ಏನೋ. ಆ ಸುದ್ದಿ ದಿನಾ ಪತ್ರಿಕೆಯಲ್ಲಿ ಬರುತ್ತದೆ. ಅದರ ಬದಲು ರಸೆಲ್ ವಿಲಿಯಮ್ಸ್ ಪೋರ್ಟರ್ ಎಂಬಾತನ ಜೀವನವನ್ನು ಹೇಳುತ್ತೇನೆ. ಅಮೆರಿಕದ ಒಂದು ಸಣ್ಣ ಊರಿನಲ್ಲಿ ಲೇತ್ ಯಂತ್ರದ ಕಾರ್ಖಾನೆಯ ಕೆಲಸಗಾರರನ್ನು ಕೂಡಿಸಿಕೊಂಡು, ತಮ್ಮ ಕೈಯಾರೆ ದೂರದರ್ಶಕ ಮಾಡಿಕೊಳ್ಳುವುದನ್ನು ಕಲಿಸಿದವನು ಈತ. ನಮ್ಮ ಶಾಲೆಯಿಂದ ಹೋದವರಲ್ಲಿ ಎಷ್ಟೋ ಮಂದಿ ಐಟಿಐ ಮುಗಿಸಿ ಪೀಣ್ಯದ ಶೆಡ್ಡುಗಳಲ್ಲಿ ಟರ್ನರ್, ಫಿಟ್ಟರ್ ಆಗಿದ್ದಾರೆ. ವಿಜ್ಞಾನವೆಂದರೆ ಡಿಗ್ರಿ ಓದಿದವರ ಸೊತ್ತು ಎಂದುಕೊಂಡವರು ಅವರಲ್ಲಿ ಇದ್ದಾರೆ. ಈ ಕಥೆ ಮೊದಲು ಅವರದು, ಆಮೇಲೆ ನಮ್ಮಂಥ ಕೀಲಿಮಣೆ ಕುಟ್ಟುವವರದು.

ಪೋರ್ಟರ್ ಹುಟ್ಟಿದ್ದು 1871ರ ಡಿಸೆಂಬರ್ 13ರಂದು, ವರ್ಮಾಂಟ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ. ಗುಡ್ಡಗಳ ನಡುವಿನ ಊರು. ಬ್ಲ್ಯಾಕ್ ಎಂಬ ನದಿ ಅಲ್ಲಿ ಧುಮುಕಿ ಹರಿಯುತ್ತದೆ. ಆ ನೀರಿನ ಬಲದಿಂದ ಕಾರ್ಖಾನೆಗಳು ಬೆಳೆದವು, ಮುಂದೆ ಯಂತ್ರಗಳನ್ನು ಮಾಡುವ ಯಂತ್ರಗಳಿಗೆ ಊರು ಹೆಸರಾಯಿತು. ತಂದೆ ಫ್ರೆಡರಿಕ್ ಹೊಸ ಹೊಸ ಸಾಮಾನು ಕಂಡುಹಿಡಿಯುವ ಹುಚ್ಚಿದ್ದ ಮನುಷ್ಯ. ಮಗನಿಗೆ ಚಿತ್ರ ಬರೆಯುವ ಕೈ ಇತ್ತು. ಬಾಸ್ಟನ್ನಿನ ಎಂಐಟಿಯಲ್ಲಿ ವಾಸ್ತುಶಿಲ್ಪ ಓದಲು ಸೇರಿದ. ಆ ದಿನಗಳಲ್ಲಿ ಉತ್ತರ ಧ್ರುವದ ಅನ್ವೇಷಕ ರಾಬರ್ಟ್ ಪಿಯರಿ ಮಾಡಿದ ಭಾಷಣವನ್ನು ಕೇಳಿದ್ದೇ, ಮನೆ ಕಟ್ಟುವ ವಿದ್ಯೆ ಹಿಂದೆ ಬಿತ್ತು.

ಮುಂದಿನ ಹತ್ತು ಹನ್ನೆರಡು ವರ್ಷ ಹಿಮದಲ್ಲೇ ಕಳೆಯಿತೆನ್ನಬಹುದು. 1894ರಲ್ಲಿ ಡಾಕ್ಟರ್ ಫ್ರೆಡರಿಕ್ ಕುಕ್ ಜೊತೆ ಮಿರಾಂಡಾ ಎಂಬ ಹಡಗಿನಲ್ಲಿ ಗ್ರೀನ್‌ಲ್ಯಾಂಡಿಗೆ ಹೊರಟ. ಆ ಹಡಗು ಮೊದಲು ಹಿಮಗಡ್ಡೆಗೆ ಬಡಿಯಿತು, ರಿಪೇರಿಯಾಗಿ ಮುಂದೆ ಹೋಗಿ ನೀರೊಳಗಿನ ಬಂಡೆಗೆ ಬಡಿಯಿತು. ಎಲ್ಲರೂ ಒಂದು ಮೀನುಗಾರಿಕೆ ದೋಣಿ ಹತ್ತಿ ವಾಪಸಾದರು. ಇಷ್ಟಾದ ಮೇಲೆ ಯಾರಾದರೂ ಬುದ್ಧಿ ಕಲಿಯುತ್ತಾರೆ. ಪೋರ್ಟರ್ ಕಲಿಯಲಿಲ್ಲ. ಪಿಯರಿಯ ಜೊತೆ ಹೋದ, ಜೀಗ್ಲರ್ ಎಂಬ ಸಿರಿವಂತ ಹಣ ಹಾಕಿದ ಯಾತ್ರೆಗಳಲ್ಲಿ ಹೋದ. 1903ರಲ್ಲಿ ಹೊರಟ ಫಿಯಾಲಾ ನಾಯಕತ್ವದ ಯಾತ್ರೆಯಲ್ಲಿ ಅಮೆರಿಕಾ ಎಂಬ ಹೆಸರಿನ ಹಡಗೇ ಹಿಮದ ಒತ್ತಡಕ್ಕೆ ಸಿಕ್ಕು ಹಾಳಾಯಿತು. ಫ್ರಾಂಜ್ ಜೋಸೆಫ್ ದ್ವೀಪಗಳಲ್ಲಿ ಸಿಕ್ಕಿಬಿದ್ದ ತಂಡವನ್ನು ಟೆರಾ ನೋವಾ ಹಡಗು ಬಂದು ಕರೆದುಕೊಂಡು ಹೋಗಿದ್ದು 1905ರ ಬೇಸಿಗೆಯಲ್ಲಿ. ಅಲ್ಲಿ ಚಳಿಗಾಲವೆಂದರೆ ಸುಮಾರು ನಾಲ್ಕು ತಿಂಗಳು ಸೂರ್ಯನೇ ಇಲ್ಲ. ಪೋರ್ಟರ್‌ನ ಕೆಲಸ ನಕ್ಷೆ ಮಾಡುವುದು, ಚಿತ್ರ ಬರೆಯುವುದು, ನಕ್ಷತ್ರಗಳನ್ನು ಅಳೆದು ತಾವು ಎಲ್ಲಿದ್ದೇವೆಂದು ಲೆಕ್ಕ ಹಾಕುವುದು. ಬೆರಳು ಮರಗಟ್ಟುವ ಆ ಚಳಿಯಲ್ಲಿ ಲೋಹದ ಉಪಕರಣಕ್ಕೆ ಕಣ್ಣಿಡುವುದು ಎಂಥ ಹಿಂಸೆಯೆಂದು ಆತನಿಗೆ ಚೆನ್ನಾಗಿ ಗೊತ್ತಿತ್ತು. ಇದನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ಬರುತ್ತದೆ.

1906ರಲ್ಲಿ ಇದೇ ಕುಕ್ ಜೊತೆ ಅಲಾಸ್ಕದ ಮೆಕಿನ್ಲೆ ಪರ್ವತಕ್ಕೆ ನಕ್ಷೆಗಾರನಾಗಿ ಹೋದ. ತಂಡ ಚದುರಿದ ಮೇಲೆ ಕುಕ್ ತಾನು ಶಿಖರ ಮುಟ್ಟಿದೆನೆಂದು ಸಾರಿಕೊಂಡ, ಅದು ಸುಳ್ಳೆಂದು ಆಮೇಲೆ ಬಯಲಾಯಿತು. ಪೋರ್ಟರ್ ಆ ಸುಳ್ಳಿನಲ್ಲಿ ಪಾಲುದಾರನಲ್ಲ, ಆದರೆ ಅಷ್ಟು ವರ್ಷ ಜೀವ ಒತ್ತೆಯಿಟ್ಟು ತಿರುಗಿದ್ದಕ್ಕೆ ಕೈಯಲ್ಲಿ ಉಳಿದದ್ದು ಕೆಲವು ನಕ್ಷೆ, ಒಂದಷ್ಟು ಚಿತ್ರ. ಧ್ರುವ ಸಿಗಲಿಲ್ಲ. ವಯಸ್ಸು ಮೂವತ್ತೈದು. ನನ್ನ ವಯಸ್ಸಿನವರಿಗೆ ಈ ಲೆಕ್ಕ ತಟ್ಟನೆ ಅರ್ಥವಾಗುತ್ತದೆ.

ಮೇಯ್ನ್ ರಾಜ್ಯದ ಕಡಲ ಕರೆಯಲ್ಲಿ ಪೋರ್ಟ್ ಕ್ಲೈಡ್ ಎಂಬ ಹಳ್ಳಿಯಿದೆ. ಅಲ್ಲಿ ನೆಲೆನಿಂತು, ಅದೇ ಊರಿನ ಆಲಿಸ್ ಮಾರ್ಷಲ್‌ಳನ್ನು ಮದುವೆಯಾಗಿ, ಬೇಸಿಗೆಗೆ ಬರುವವರಿಗಾಗಿ ಸಣ್ಣ ಮನೆಗಳನ್ನು ಕಟ್ಟುತ್ತ ಕಾಲ ಹಾಕತೊಡಗಿದ. ದೂರದರ್ಶಕ ಆತನ ಬಾಳಿಗೆ ಬಂದದ್ದು ಇಲ್ಲಿ, ನಲವತ್ತು ದಾಟಿದ ಮೇಲೆ. ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜೇಮ್ಸ್ ಹಾರ್ಟ್‌ನೆಸ್ ಎಂಬ ಹಳೆಯ ಗೆಳೆಯನಿದ್ದ. ಜೋನ್ಸ್ ಅಂಡ್ ಲ್ಯಾಮ್ಸನ್ ಎಂಬ ಲೇತ್ ಕಾರ್ಖಾನೆಯ ಮುಖ್ಯಸ್ಥ, ದೊಡ್ಡ ಸಂಶೋಧಕ, ಮುಂದೆ ವರ್ಮಾಂಟಿನ ಗವರ್ನರ್ ಕೂಡ ಆದವನು. ತನ್ನ ಮನೆಯಂಗಳದಲ್ಲೇ ದೂರದರ್ಶಕ ಇಟ್ಟುಕೊಂಡು, ಮನೆಯಿಂದ ಅದಕ್ಕೆ ನೆಲದಡಿ ಸುರಂಗ ತೋಡಿಸಿದ್ದವನು. ಆತ ಪೋರ್ಟರ್‌ಗೆ ಗಾಜಿನ ಬಿಲ್ಲೆಗಳನ್ನು ಕಳಿಸಿಕೊಟ್ಟ. ಉಜ್ಜಿ ನೋಡು ಎಂಬಂತೆ.

ಗಾಜು ಉಜ್ಜಿದರೆ ದೂರದರ್ಶಕ ಹೇಗಾಗುತ್ತದೆ? ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಎಲ್ಲ ದೂರದರ್ಶಕಗಳಲ್ಲೂ ಮುಂದೆ ಮಸೂರವಿರುವುದಿಲ್ಲ. ನ್ಯೂಟನ್ ಮಾಡಿದ ಬಗೆಯದರಲ್ಲಿ ಕೊಳವೆಯ ತಳದಲ್ಲಿ ತಗ್ಗು ಕನ್ನಡಿ ಇರುತ್ತದೆ. ನಕ್ಷತ್ರದ ಬೆಳಕನ್ನು ಅದು ಒಂದೆಡೆ ಕೂಡಿಸಿಕೊಡುತ್ತದೆ, ಕತ್ತಲಲ್ಲಿ ಅರಳಿದ ನಮ್ಮ ಕಣ್ಣಿನ ಪಾಪೆ ಹಿಡಿಯುವ ಬೆಳಕಿನ ನಾನೂರು ಪಟ್ಟಿಗೂ ಹೆಚ್ಚನ್ನು ಆರು ಇಂಚಿನ ಕನ್ನಡಿ ಹಿಡಿಯುತ್ತದೆ. ಕನ್ನಡಿ ಮಾಡಲು ಒಂದೇ ಅಳತೆಯ ಎರಡು ದಪ್ಪ ಗಾಜಿನ ಬಿಲ್ಲೆ ಬೇಕು. ಒಂದನ್ನು ಪೀಪಾಯಿಯ ತಲೆಯ ಮೇಲೆ ಬಿಗಿದು, ಮೇಲೆ ಕಾರ್ಬೊರಂಡಂ ಪುಡಿ, ನಾಲ್ಕು ಹನಿ ನೀರು ಹಾಕಿ, ಇನ್ನೊಂದು ಬಿಲ್ಲೆಯನ್ನು ಅದರ ಮೇಲಿಟ್ಟು ಹಿಂದೆ ಮುಂದೆ ಉಜ್ಜಬೇಕು. ಕೆಲವು ಸಲ ಉಜ್ಜಿ, ಬಿಲ್ಲೆಯನ್ನು ಕೈಯಲ್ಲಿ ಸ್ವಲ್ಪ ತಿರುಗಿಸಿ, ಪೀಪಾಯಿಯ ಸುತ್ತ ಒಂದು ಹೆಜ್ಜೆ ಸರಿದು, ಮತ್ತೆ ಉಜ್ಜಬೇಕು. ಗಂಟೆಗಟ್ಟಲೆ ಇದೇ ಪ್ರದಕ್ಷಿಣೆ. ಗಂಧ ತೇಯುವ ಕಲ್ಲು ವರ್ಷಗಳು ಕಳೆದಂತೆ ನಡುವೆ ತಗ್ಗಾಗುತ್ತದಲ್ಲ, ಇಲ್ಲಿ ಮೇಲಿನ ಗಾಜು ಹಾಗೆ ನಡುವೆ ಸವೆಯುತ್ತದೆ, ಕೆಳಗಿನದು ಅಂಚಿನಲ್ಲಿ ಸವೆದು ಉಬ್ಬುತ್ತದೆ. ಎಲ್ಲ ದಿಕ್ಕಿನಿಂದಲೂ ಉಜ್ಜಿದ್ದರಿಂದ ಅದು ತಾನಾಗಿ ಗೋಳದ ತುಣುಕಿನ ಆಕಾರಕ್ಕೆ ಬರುತ್ತದೆ. ಯಂತ್ರ ಬೇಡ. ಆರು ಇಂಚಿನ ಸಾಮಾನ್ಯ ಕನ್ನಡಿಯ ನಡುವಿನ ತಗ್ಗು ಒಂದು ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು, ಅಷ್ಟೆ.

ಆಮೇಲೆ ನಯವಾದ ಪುಡಿ, ಇನ್ನೂ ನಯವಾದದ್ದು. ಕೊನೆಗೆ ರಾಳದಂಥ ಪಿಚ್ ಹಚ್ಚಿ, ಕೆಂಪು ಕಬ್ಬಿಣದ ಆಕ್ಸೈಡ್ ಪುಡಿಯಿಂದ ಹೊಳಪು. ಕಷ್ಟವಿರುವುದು ಇಲ್ಲಿ. ಗೋಳದ ಆಕಾರ ಸಾಲದು, ಪರವಲಯ ಬೇಕು. ಇವೆರಡರ ನಡುವಿನ ವ್ಯತ್ಯಾಸ ಆರು ಇಂಚಿನ ಕನ್ನಡಿಯಲ್ಲಿ ತಲೆಗೂದಲ ದಪ್ಪದ ಇನ್ನೂರರಲ್ಲೊಂದು ಭಾಗದಷ್ಟೂ ಇಲ್ಲ. ಅದನ್ನು ಅಳೆಯುವುದು ಹೇಗೆ? ಫ್ರಾನ್ಸಿನ ಫೂಕೊ ಕಂಡುಹಿಡಿದ ಪರೀಕ್ಷೆಗೆ ಬೇಕಾದದ್ದು ಒಂದು ದೀಪ, ತಗಡಿನಲ್ಲಿ ಸೂಜಿಯಷ್ಟು ತೂತು, ಒಂದು ಬ್ಲೇಡು. ತೂತಿನಿಂದ ಹೊರಟ ಬೆಳಕು ಕನ್ನಡಿಗೆ ಬಡಿದು ಹಿಂದಿರುಗುವ ಜಾಗದಲ್ಲಿ ಬ್ಲೇಡನ್ನು ಅಡ್ಡ ಸರಿಸಿದರೆ, ಕನ್ನಡಿಯ ಮೇಲಿನ ಏರುತಗ್ಗುಗಳು ಬೆಟ್ಟ ಕಣಿವೆಗಳಂತೆ ನೆರಳಾಗಿ ಎದ್ದು ಕಾಣುತ್ತವೆ. ಗಾಜಿಗೆ ಹೆಬ್ಬೆರಳನ್ನು ತುಸು ಹೊತ್ತು ಒತ್ತಿ ತೆಗೆದರೂ ಸಾಕು, ಆ ಬಿಸಿಗೆ ಗಾಜು ಉಬ್ಬಿದ ಗುಡ್ಡೆ ಕಾಣುತ್ತದೆ, ತಣಿದಂತೆ ಇಳಿಯುತ್ತದೆ. ಅಂದರೆ ಬಡವನೊಬ್ಬ ತನ್ನ ಅಡಿಗೆಮನೆಯಲ್ಲಿ ಕೂತು ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಭಾಗವನ್ನು ಕಣ್ಣಾರೆ ನೋಡಬಹುದು. ನಮ್ಮ ಇಂಜಿನಿಯರಿಂಗ್ ಕಾಲೇಜಿನ ಪ್ರಯೋಗಾಲಯದಲ್ಲಿ ನಾನು ನಾಲ್ಕು ವರ್ಷ ಮುಟ್ಟಿದ ಯಾವ ಉಪಕರಣವೂ ಇಷ್ಟು ಸೂಕ್ಷ್ಮವಾಗಿರಲಿಲ್ಲ.

ಪೋರ್ಟರ್ ಇದನ್ನು ಪುಸ್ತಕ, ಪತ್ರಿಕೆ ಓದಿ, ತನ್ನಷ್ಟಕ್ಕೇ ಕಲಿತ. ಮೊದಲ ಮಹಾಯುದ್ಧದ ಕಾಲಕ್ಕೆ ಕೆಲವು ವರ್ಷ ಎಂಐಟಿಯಲ್ಲಿ ವಾಸ್ತುಶಿಲ್ಪ ಪಾಠ ಹೇಳಿ, ವಾಷಿಂಗ್ಟನ್ನಿನ ಸರ್ಕಾರಿ ಮಾಪನ ಸಂಸ್ಥೆಯಲ್ಲಿ ಗಾಜಿನ ಕೆಲಸ ಮಾಡಿ, 1919ರಲ್ಲಿ ಹಾರ್ಟ್‌ನೆಸ್‌ನ ಕರೆಯ ಮೇಲೆ ಹುಟ್ಟೂರಿಗೆ ಹಿಂದಿರುಗಿದ. ಕಾರ್ಖಾನೆಗೆ ಅವನಿಂದ ಆದ ದೊಡ್ಡ ಉಪಕಾರವೆಂದರೆ ಆಪ್ಟಿಕಲ್ ಕಂಪ್ಯಾರೇಟರ್. ಸ್ಕ್ರೂವಿನ ಎಳೆಗಳ ನೆರಳನ್ನು ಹಲವು ಪಟ್ಟು ದೊಡ್ಡದು ಮಾಡಿ ಪರದೆಯ ಮೇಲೆ ಬಿಟ್ಟು, ನಕ್ಷೆಯ ಗೆರೆಯ ಜೊತೆ ಹೋಲಿಸಿ ನೋಡುವ ಯಂತ್ರ ಅದು. ಹಾರ್ಟ್‌ನೆಸ್ ಮತ್ತು ಪೋರ್ಟರ್ ಸೇರಿ ರೂಪಿಸಿದ್ದು. ಪ್ರೊಫೈಲ್ ಪ್ರೊಜೆಕ್ಟರ್ ಎಂಬ ಹೆಸರಿನಿಂದ ನಮ್ಮ ಟೂಲ್‌ರೂಮುಗಳಲ್ಲಿ ಇಂದಿಗೂ ಅದರ ಸಂತತಿ ಇದೆ. ಹಗಲು ಸ್ಕ್ರೂವಿನ ನೆರಳು, ರಾತ್ರಿ ಕನ್ನಡಿಯ ನೆರಳು. ಆತನ ಉದ್ಯೋಗಕ್ಕೂ ಹವ್ಯಾಸಕ್ಕೂ ಹೆಚ್ಚು ದೂರವಿರಲಿಲ್ಲ.

1920ರ ಆಗಸ್ಟಿನಲ್ಲಿ ಊರಿನವರಿಗೆ ದೂರದರ್ಶಕ ಮಾಡುವ ತರಗತಿ ಶುರುವಾಯಿತು. ಹದಿನೈದು ಮಂದಿ ಗಂಡಸರು, ಒಬ್ಬ ಹೆಂಗಸು. ಹೆಚ್ಚಿನವರು ಯಂತ್ರದ ಕಾರ್ಖಾನೆಗಳ ಕೆಲಸಗಾರರು. ಖಗೋಳ ಗೊತ್ತಿದ್ದವರಲ್ಲ. ಆದರೆ ಇಂಚಿನ ಸಾವಿರದಲ್ಲೊಂದು ಭಾಗವೆಂದರೆ ಏನೆಂದು ಅವರ ಬೆರಳಿಗೆ ಗೊತ್ತಿತ್ತು. ಪೋರ್ಟರ್ ಮಾಡಿದ ಜಾಣತನ ಇದೇ ಎಂದು ನನ್ನ ಎಣಿಕೆ. ಆಕಾಶವನ್ನು ಮೊದಲು ವಿವರಿಸಿ ಆಮೇಲೆ ಉಪಕರಣಕ್ಕೆ ಬರಲಿಲ್ಲ, ಅವರಿಗೆ ಬರುತ್ತಿದ್ದ ಕೆಲಸದಿಂದ ಹೊರಟು ಆಕಾಶಕ್ಕೆ ಏಣಿ ಹಾಕಿದ. ತಾನೇ ಉಜ್ಜಿದ ಗಾಜಿನಲ್ಲಿ ಶನಿಯ ಉಂಗುರ ಕಂಡವನಿಗೆ ಇನ್ನು ಖಗೋಳ ಓದು ಎಂದು ಯಾರೂ ಹೇಳಬೇಕಾಗಿಲ್ಲ.

1923ರ ಡಿಸೆಂಬರಿನಲ್ಲಿ ಇವರೆಲ್ಲ ಸೇರಿ ಸ್ಪ್ರಿಂಗ್‌ಫೀಲ್ಡ್ ದೂರದರ್ಶಕ ತಯಾರಕರ ಸಂಘ ಕಟ್ಟಿದರು. ಊರ ಹೊರಗೆ ಬ್ರೀಜಿ ಹಿಲ್ ಎಂಬ ಗುಡ್ಡದಲ್ಲಿ ಪೋರ್ಟರ್‌ನ ಜಮೀನಿತ್ತು. ನಕ್ಷೆ ಆತನದು, ಗಾರೆ ಮರಗೆಲಸ ಸದಸ್ಯರದು. ಹೀಗೆ ಎದ್ದ ಪುಟ್ಟ ಗುಲಾಬಿ ಬಣ್ಣದ ಮನೆಗೆ ಸ್ಟೆಲ್ಲಾಫೇನ್ ಎಂದು ಹೆಸರಿಟ್ಟರು, ನಕ್ಷತ್ರಗಳ ಗುಡಿ ಎಂದು ಅರ್ಥ. ನೂರು ವರ್ಷವಾದರೂ ಅದೇ ಬಣ್ಣದಲ್ಲಿ ನಿಂತಿದೆ, ಈಗ ಅಮೆರಿಕದ ರಾಷ್ಟ್ರೀಯ ಸ್ಮಾರಕಗಳ ಪಟ್ಟಿಯಲ್ಲಿದೆ.

ಈ ಗುಡ್ಡದ ಸುದ್ದಿ ಹೊರಗೆ ಹೋದದ್ದು ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯ ಸಂಪಾದಕರಲ್ಲೊಬ್ಬನಾದ ಆಲ್ಬರ್ಟ್ ಇಂಗಲ್ಸ್‌ನಿಂದ. 1925ರ ಬೇಸಿಗೆಯಲ್ಲಿ ಆತ ಬಂದು ನೋಡಿದ, ನವೆಂಬರ್ ಸಂಚಿಕೆಯಲ್ಲಿ ಬರೆದ. ನಮಗೂ ಹೇಳಿಕೊಡಿ ಎಂದು ನೂರಾರು ಪತ್ರಗಳು ಬಂದವು. ಮರುವರ್ಷದ ಆರಂಭದಲ್ಲೇ ಪೋರ್ಟರ್ ಹಂತಹಂತವಾಗಿ ವಿಧಾನವನ್ನು ಬರೆದು, ಚಿತ್ರ ಸಮೇತ ಕೊಟ್ಟ. ಅದೆಲ್ಲ ಸೇರಿ 1926ರಲ್ಲಿ ಪುಸ್ತಕವಾಯಿತು. ಎಲ್ಲೆಲ್ಲಿಯೋ ಜನ ನೆಲಮಾಳಿಗೆಗಳಲ್ಲಿ ಗಾಜು ಉಜ್ಜತೊಡಗಿದರು.

ಅದೇ 1926ರ ಜುಲೈಯಲ್ಲಿ ಬೇರೆ ಬೇರೆ ಊರಿನ ಇಂಥ ಕೆಲವರು ತಾವು ಮಾಡಿದ ದೂರದರ್ಶಕಗಳನ್ನು ಹೊತ್ತು ಬ್ರೀಜಿ ಹಿಲ್‌ಗೆ ಬಂದರು. ಹೆಚ್ಚು ಜನವೇನಲ್ಲ, ಒಂದು ಪಂಕ್ತಿ ಊಟಕ್ಕೆ ಕೂರುವಷ್ಟು. ಹಗಲು ಒಬ್ಬರ ಕನ್ನಡಿಯನ್ನು ಇನ್ನೊಬ್ಬರು ಪರೀಕ್ಷಿಸಿದರು, ಕತ್ತಲಾದ ಮೇಲೆ ಒಬ್ಬರ ದೂರದರ್ಶಕದಲ್ಲಿ ಇನ್ನೊಬ್ಬರು ನೋಡಿದರು. ಇಂದು ಜಗತ್ತಿನ ಎಲ್ಲೆಡೆ ನಡೆಯುವ ಸ್ಟಾರ್ ಪಾರ್ಟಿಗಳಿಗೆ ಈ ಗುಡ್ಡದ ಜಾತ್ರೆಯೇ ಮೂಲವೆಂದು ಬಲ್ಲವರು ಹೇಳುತ್ತಾರೆ. ಯುದ್ಧಕಾಲದಲ್ಲಿ ನಿಂತದ್ದು ಬಿಟ್ಟರೆ ಅದು ಬಹುತೇಕ ಪ್ರತಿ ಬೇಸಿಗೆಯೂ ನಡೆದುಬಂದಿದೆ, ಈಗ ಸೇರುವವರ ಲೆಕ್ಕ ಸಾವಿರದ ಮೇಲೆ. ದಿನವನ್ನು ಅಮಾವಾಸ್ಯೆಯ ಆಸುಪಾಸಿಗೆ ಗೊತ್ತುಮಾಡುತ್ತಾರೆ. ನಮ್ಮಲ್ಲಿ ಅಮಾವಾಸ್ಯೆ ಎಂದರೆ ಹೊಸ ಕೆಲಸಕ್ಕೆ ಕೈ ಹಾಕುವುದಿಲ್ಲ, ನಕ್ಷತ್ರ ನೋಡುವವರ ಪಂಚಾಂಗದಲ್ಲಿ ಅದಕ್ಕಿಂತ ಒಳ್ಳೆಯ ಮುಹೂರ್ತವಿಲ್ಲ.

ಇಂಥ ಒಂದು ರಾತ್ರಿಗೆ, ಬೆಂಗಳೂರಿನಿಂದ ಎರಡು ಗಂಟೆ ದೂರದ ಒಂದು ತೋಟದಲ್ಲಿ, ನಾನೂ ಹೋಗಿದ್ದೇನೆ. ಅಲ್ಲಿನ ನಿಯಮಗಳು ಬ್ರೀಜಿ ಹಿಲ್‌ನವೇ. ಬಿಳಿ ಟಾರ್ಚು ಹಚ್ಚಬಾರದು, ಮೊಬೈಲು ತೆಗೆಯಬಾರದು, ಕೆಂಪು ಕಾಗದ ಸುತ್ತಿದ ದೀಪ ಮಾತ್ರ. ಕತ್ತಲಿಗೆ ಕಣ್ಣು ಪೂರ್ತಿ ಹೊಂದಿಕೊಳ್ಳಲು ಅರ್ಧ ಗಂಟೆ ಬೇಕು, ಒಂದು ಕ್ಷಣದ ಬಿಳಿ ಬೆಳಕು ಅದನ್ನು ಕೆಡಿಸುತ್ತದೆ. ಎಂಟು ಇಂಚಿನ ದೂರದರ್ಶಕ ತಂದಿದ್ದವರು ಒಬ್ಬ ಬ್ಯಾಂಕ್ ನೌಕರರು. ಪ್ಲೈವುಡ್ಡಿನ ಪೆಟ್ಟಿಗೆಯ ಮೇಲೆ ಕೂರಿಸಿದ ಸರಳ ಮಾದರಿ ಅದು. ಅಮೆರಿಕದಲ್ಲಿ ರಾಮಕೃಷ್ಣ ಪರಂಪರೆಯ ವೇದಾಂತ ಮಠವೊಂದರಲ್ಲಿ ಸನ್ಯಾಸಿಯಾಗಿದ್ದ ಜಾನ್ ಡಾಬ್ಸನ್ ಬಳಕೆಗೆ ತಂದದ್ದು. ಕನ್ನಡಿಯನ್ನು ಆ ನೌಕರರು ತಾವೇ ಉಜ್ಜಿದ್ದರು. ತೋಟದ ಕಾವಲಿನವರು, ಅಡಿಗೆಯವರು, ನಮ್ಮಂಥವರು ಎಲ್ಲ ಒಂದೇ ಸಾಲಿನಲ್ಲಿ ನಿಂತೆವು. ಕತ್ತಲಲ್ಲಿ ಯಾರ ಮುಖವೂ ಕಾಣದ್ದರಿಂದ ಯಾರು ದೊಡ್ಡವರು ಯಾರು ಸಣ್ಣವರು ಎಂಬುದೂ ಇರಲಿಲ್ಲ. ಶನಿ ಕಂಡಾಗ ಎಲ್ಲರ ಬಾಯಿಂದ ಬಂದ ಉದ್ಗಾರ ಮಾತ್ರ ಒಂದೇ.

ಆ ತೋಟದ ಆಕಾಶಕ್ಕಿಂತ ನಮ್ಮ ಶಾಲೆಯ ಮೈದಾನದ ಆಕಾಶ ಕಪ್ಪಗಿತ್ತು, ಕನಿಷ್ಠ ನಾನು ಹತ್ತನೆಯ ತರಗತಿಯಲ್ಲಿದ್ದಾಗ. ಆಗ ಕರೆಂಟು ಹೋದರೆ ಹಾಲು ಚೆಲ್ಲಿದಂತೆ ಆಕಾಶಗಂಗೆ ಕಾಣುತ್ತಿತ್ತು. ಈಗ ರಸ್ತೆಯ ಕೂಡಿನಲ್ಲಿ ಹೈಮಾಸ್ಟ್ ದೀಪ ಬಂದಿದೆ. ಅದರ ಬೆಳಕಿನಲ್ಲಿ ಅರ್ಧ ಪಾಲು ಮೇಲಕ್ಕೇ ಹೋಗುತ್ತಿರುವಂತೆ ನನಗೆ ಕಂಡಿತು. ದೀಪ ಬೇಡವೆಂದು ಯಾರೂ ಹೇಳುವುದಿಲ್ಲ. ನೆಲಕ್ಕೆ ಬೆಳಕು ಬೀಳುವಂತೆ ಒಂದು ಮುಚ್ಚಳ ಹಾಕಿಸಬಹುದಲ್ಲ ಎಂಬುದನ್ನು ಗ್ರಾಮಸಭೆಯಲ್ಲಿ ಯಾರಾದರೂ ಎತ್ತಿದರೆ ಸಂತೋಷ.

ಪೋರ್ಟರ್ ಕಥೆಗೆ ಹಿಂದಿರುಗುತ್ತೇನೆ. ಆತನ ಕೈಯಲ್ಲಿ ದೂರದರ್ಶಕ ಚಿತ್ರವೂ ಆಯಿತು, ಶಿಲ್ಪವೂ ಆಯಿತು. ಕಂಚಿನಲ್ಲಿ ಎಲೆಬಳ್ಳಿಯ ಆಕಾರದ ಒಂದು ತೋಟದ ದೂರದರ್ಶಕ ಮಾಡಿದ. ಕಣ್ಣಿಗೆ ಹಬ್ಬ, ಬೆಲೆ ಮಾತ್ರ ಲೇತ್ ಕೆಲಸಗಾರನ ಕೈಗೆಟುಕದ್ದು. ಹೆಚ್ಚು ಮಾರಾಟವಾಗಲಿಲ್ಲ, ಇಂದು ಸಂಗ್ರಹಕಾರರು ಹುಡುಕಿಕೊಂಡು ಹೋಗುವ ವಸ್ತು. ನನಗೆ ಅದಕ್ಕಿಂತ ಇಷ್ಟವಾದದ್ದು 1930ರಲ್ಲಿ ಸಂಘದವರು ಗುಡ್ಡದ ಮೇಲೆ ಕಟ್ಟಿ ಮುಗಿಸಿದ, ಆತ ಕಲ್ಪಿಸಿದ ಟರೆಟ್ ದೂರದರ್ಶಕ. ಕಾಂಕ್ರೀಟಿನ ಸಣ್ಣ ಗುಂಡು ಕೋಣೆ. ಹನ್ನೆರಡು ಇಂಚಿನ ಕನ್ನಡಿ, ಅದರ ಚೌಕಟ್ಟು ಎಲ್ಲ ಹೊರಗೆ ಚಳಿಯಲ್ಲಿ. ನೋಡುವವನು ಒಳಗೆ ಬೆಚ್ಚಗೆ ಕೂತು ಕಣ್ಣಿಡುತ್ತಾನೆ. ವರ್ಮಾಂಟಿನ ಚಳಿಗಾಲ ನೀರು ಮಂಜುಗಟ್ಟುವುದಕ್ಕಿಂತ ಎಷ್ಟೋ ಕೆಳಗೆ ಇಳಿಯುತ್ತದೆ. ಧ್ರುವದ ಕತ್ತಲಲ್ಲಿ ಬೆರಳು ಮರಗಟ್ಟಿಸಿಕೊಂಡು ನಕ್ಷತ್ರ ಅಳೆದಿದ್ದವನ ಯೋಚನೆ ಅದು.

ಅದು ಮುಗಿಯುವ ಹೊತ್ತಿಗೆ ಆತ ಊರಿನಲ್ಲಿರಲಿಲ್ಲ. ಜಗತ್ತಿನಲ್ಲೇ ದೊಡ್ಡದಾದ 200 ಇಂಚಿನ, ಅಂದರೆ ಐದು ಮೀಟರ್ ಕನ್ನಡಿಯ ದೂರದರ್ಶಕ ಕಟ್ಟಲು ಹೊರಟಿದ್ದ ಜಾರ್ಜ್ ಎಲರಿ ಹೇಲ್ ಆತನನ್ನು 1928ರ ಕೊನೆಗೆ ಕ್ಯಾಲಿಫೋರ್ನಿಯಕ್ಕೆ ಕರೆಸಿಕೊಂಡ. ಖಗೋಳದಲ್ಲಿ ಪದವಿಯಿಲ್ಲದ, ವಾಸ್ತುಶಿಲ್ಪದ ಓದನ್ನೂ ಹಿಮದ ಹಿಂದೆ ಬಿಟ್ಟಿದ್ದ, ಐವತ್ತೇಳು ವರ್ಷದ ಹವ್ಯಾಸಿ! ಪಸಾಡೆನದಲ್ಲಿ ಕಾರ್ಯಾಗಾರ, ಪಾಲೊಮಾರ್ ಬೆಟ್ಟದ ಗುಮ್ಮಟ ಮುಂತಾದವುಗಳ ವಿನ್ಯಾಸದಲ್ಲಿ ಆತನ ಕೈಯಿದೆ. ಅದಕ್ಕಿಂತ ಹೆಸರಾದದ್ದು ಆತನ ಸೀಳುಚಿತ್ರಗಳು. ಇಂಜಿನಿಯರುಗಳ ನೀಲಿನಕ್ಷೆಗಳನ್ನು ಓದಿಕೊಂಡು, ಇನ್ನೂ ಕಟ್ಟಿರದ ಯಂತ್ರವನ್ನು ಒಳಗೂ ಹೊರಗೂ ಕಾಣುವಂತೆ, ಪಕ್ಕದಲ್ಲಿ ನಿಂತ ಮನುಷ್ಯನ ಸಮೇತ ಬರೆಯುತ್ತಿದ್ದ. ಅಂದು ಕಂಪ್ಯೂಟರಿನಲ್ಲಿ ಮೂರು ಆಯಾಮದ ಚಿತ್ರ ತೆಗೆಯುವಂತಿರಲಿಲ್ಲ, ಇದೆಲ್ಲ ಪೆನ್ಸಿಲಿನ ಕೆಲಸ. ಎರಡನೆಯ ಮಹಾಯುದ್ಧ ಬಂದಾಗ ಸೈನ್ಯದ ಉಪಕರಣಗಳಿಗೆ ರೂಫ್ ಪ್ರಿಸಂ ಎಂಬ ಬಹಳ ಕರಾರುವಾಕ್ಕಾದ ಗಾಜಿನ ತುಣುಕುಗಳು ಬೇಕಾದವು. ಮಾಡಬಲ್ಲವರು ಸಿಗಲಿಲ್ಲ. ಮನೆಯಲ್ಲಿ ಕನ್ನಡಿ ಉಜ್ಜಿ ಪಳಗಿದ್ದ ಹವ್ಯಾಸಿಗಳೇ ಮುಂದೆ ಬಂದು ಮಾಡಿಕೊಟ್ಟರು.

ಪಾಲೊಮಾರ್ ದೂರದರ್ಶಕದ ಉದ್ಘಾಟನೆ 1948ರ ಜೂನಿನಲ್ಲಿ ಆಯಿತು. ಪೋರ್ಟರ್ ಅದನ್ನು ಕಂಡ. ಮರುವರ್ಷ ಫೆಬ್ರವರಿ 22ರಂದು ಪಸಾಡೆನದಲ್ಲಿ ತೀರಿಕೊಂಡ. ಎಪ್ಪತ್ತೇಳು ವರ್ಷ. ಆ ದೊಡ್ಡ ಯಂತ್ರದಲ್ಲಿ ಕಣ್ಣಿಡುವ ಭಾಗ್ಯ ಬೆರಳೆಣಿಕೆಯ ವಿಜ್ಞಾನಿಗಳಿಗೆ. ಬ್ರೀಜಿ ಹಿಲ್‌ನ ಸಾಲಿನಲ್ಲಿ ಮಾತ್ರ ಇವತ್ತೂ ಯಾರು ಬೇಕಾದರೂ ನಿಲ್ಲಬಹುದು.

ಚಂದ್ರನ ಮೇಲಿನ ಒಂದು ಕುಳಿಗೆ ಪೋರ್ಟರ್ ಹೆಸರಿಟ್ಟಿದ್ದಾರೆ. ಅದನ್ನು ನಮ್ಮೂರಿನಿಂದಲೂ ನೋಡಬಹುದು, ಹೈಮಾಸ್ಟ್ ದೀಪದ ಬೆಳಕಿನಲ್ಲೂ ಅಡ್ಡಿಯಿಲ್ಲ. ಶುಕ್ಲ ಪಕ್ಷದ ನವಮಿ ಅಥವಾ ದಶಮಿಯ ಸಂಜೆ ಒಂದು ಸಣ್ಣ ದೂರದರ್ಶಕವನ್ನು ಚಂದ್ರನಿಗೆ ತಿರುಗಿಸಿ. ದಕ್ಷಿಣದ ಅಂಚಿನ ಕಡೆ, ಬೆಳಕು ಕತ್ತಲು ಕೂಡುವ ಗೆರೆಯ ಹತ್ತಿರ, ಕ್ಲೇವಿಯಸ್ ಎಂಬ ಇನ್ನೂರು ಕಿಲೋಮೀಟರಿಗೂ ಹೆಚ್ಚು ಅಗಲದ ದೊಡ್ಡ ಕುಳಿ ಕಾಣುತ್ತದೆ. ಕನ್ನಡಿಯ ದೂರದರ್ಶಕದಲ್ಲಿ ಎಲ್ಲ ತಲೆಕೆಳಗಾಗಿ ಕಾಣುವುದರಿಂದ ದಕ್ಷಿಣ ಮೇಲಿರುತ್ತದೆ. ಕ್ಲೇವಿಯಸ್‌ನ ಕೋಟೆಗೋಡೆಯನ್ನು ಎರಡು ಕಡೆ ಸಣ್ಣ ಕುಳಿಗಳು ಒಡೆದಿವೆ. ಅವುಗಳಲ್ಲಿ ಉತ್ತರದ ಕಡೆಯದು, ಸುಮಾರು ಐವತ್ತು ಕಿಲೋಮೀಟರ್ ಅಗಲದ್ದು, ಪೋರ್ಟರ್.